ಹೊಟ್ಟೆ ಖಾಲಿಯಾದ ಕೌದಿ

ಹೋದ ತಿಂಗಳು ನನ್ನ ಕೌದಿಯೊಳಗೆ ಒಬ್ಬಟ್ಟು ಸಿಕ್ಕಿತು.

ತಮಾಷೆಯಲ್ಲ. ಇಪ್ಪತ್ತೆಂಟು ವರ್ಷ ಬ್ಯಾಂಕಿಗೆ ಉಟ್ಟು ಸವೆಸಿದ ನನ್ನ ಕಾಟನ್ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಕೈಯಲ್ಲೇ ಹೊಲಿದ ಕೌದಿ ಅದು. ಹೊಲಿದವರು ಶಾಂತವ್ವ. ಜೆಪಿ ನಗರದ ನಮ್ಮ ಅಪಾರ್ಟ್‌ಮೆಂಟಿಗೆ ಟ್ಯೂಷನ್ ಹೇಳಲು ಬರುವ ಸುಜಾತಾಳ ತಾಯಿ. ಗದಗದ ಕಡೆಯವರು. ಬಿಟಿಎಂನಲ್ಲಿ ಮಗಳ ಜೊತೆ ಬಾಡಿಗೆ ಮನೆಯಲ್ಲಿದ್ದಾರೆ.

ಈಚೆಗೆ ನನ್ನ ಕೌದಿ ನೋಡಿದ್ದೇ ತಡ, ನಮ್ಮ ಬ್ಲಾಕಿನ ಇನ್ನೂ ಮೂವರು ತಮ್ಮ ಹಳೇ ಸೀರೆಗಳನ್ನು ಕೊಟ್ಟು ಕಳಿಸಿದರು. ಗುರುತು ಪರಿಚಯವಿಲ್ಲದ ಊರಲ್ಲಿ ಗೋಡೆ ನೋಡುತ್ತಾ ಕೂರುತ್ತಿದ್ದ ಅವ್ವನಿಗೆ ಕೈತುಂಬಾ ಕೆಲಸವಾಯಿತೆಂದು ಸುಜಾತಾ ನನ್ನೆದುರು ಎರಡು ಸಲ ಹೇಳಿಕೊಂಡಿದ್ದಳು.

ಇಷ್ಟಿರುವಾಗ ನನ್ನ ಕೌದಿಯ ಒಂದು ಮೂಲೆಯಲ್ಲಿ ನಾಲ್ಕೈದು ಸಣ್ಣ ತೂತುಗಳು ಕಂಡವು. ಪಕ್ಕದಲ್ಲೇ ಇರುವೆ ಸಾಲು. ನಾನೇ ರಿಪೇರಿ ಮಾಡೋಣ ಎಂದು ಹೊರಟೆ. (ಹತ್ತು ನಿಮಿಷದ ವಿಡಿಯೊ ನೋಡಿದರೆ ನಾವು ಕಲಿಯದ ವಿದ್ಯೆ ಯಾವುದಿದೆ?) ಕತ್ತರಿ ತಗೊಂಡು ಮೂಲೆಯ ಹೊಲಿಗೆ ಬಿಚ್ಚಿದೆ. ಒಳಗೊಂದು ಬಟ್ಟೆಯ ಮಡಿಕೆ. ಅದರೊಳಗೆ ಒಣಗಿದ, ಕಂದು ಬಣ್ಣದ ಏನೋ ಒಂದು.

ನಮ್ಮ ಯಜಮಾನರು ಕನ್ನಡಕ ಏರಿಸಿಕೊಂಡು ಪರೀಕ್ಷೆ ಮಾಡಿದರು. "ಇದು ಒಬ್ಬಟ್ಟು ಕಣೇ. ಬೇಳೆ ಯಾವ್ದು ಅಂತ ಗೊತ್ತಾಗ್ತಿಲ್ಲ ಅಷ್ಟೆ."

ನನಗೆ ಪಿತ್ತ ನೆತ್ತಿಗೇರಿತು. ತಿನ್ನುತ್ತಾ ಹೊಲಿದಿದ್ದಾರೆ, ಬಿದ್ದದ್ದನ್ನೂ ಸೇರಿಸಿ ಹೊಲಿದಿದ್ದಾರೆ! ಫೋಟೋ ತೆಗೆದು ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿದೆ. 'ಕೌದಿಗೆ ಸೀರೆ ಕೊಟ್ಟವರ ಗಮನಕ್ಕೆ. ಒಳಗೆ ತಿಂಡಿ ಸಿಕ್ಕಿದೆ. ಹೈಜೀನ್ ಬಗ್ಗೆ ಸ್ವಲ್ಪ ವಿಚಾರಿಸಿಕೊಳ್ಳಿ.' ಐದೇ ನಿಮಿಷದಲ್ಲಿ ಉತ್ತರಗಳ ಸುರಿಮಳೆ. ಅಯ್ಯೋ, ಛೀ, ಥ್ಯಾಂಕ್ಸ್ ಫಾರ್ ಶೇರಿಂಗ್. ನಿಜ ಹೇಳಲಾ? ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಸುಜಾತಾಗೆ ಒಂದು ಫೋನ್ ಮಾಡಬಹುದಿತ್ತಲ್ಲವೇ? ಮಾಡಲಿಲ್ಲ. ಪಾಪ, ಹುಡುಗಿಗೆ ಮುಜುಗರವಾಗಬಾರದು ಎಂದುಕೊಂಡೆ. ಅವಳೊಬ್ಬಳಿಗೆ ಮುಜುಗರವಾಗದಿರಲಿ ಎಂದು ಇಡೀ ಅಪಾರ್ಟ್‌ಮೆಂಟಿಗೆ ಹೇಳಿದೆ. ನನ್ನ ಸಂಸ್ಕಾರ ಅಂಥದ್ದು.

ಒಂದು ವಾರ ಕಳೆದಿರಬೇಕು. ಸಂಜೆ ಬೆಲ್ ಆಯಿತು. ಬಾಗಿಲಲ್ಲಿ ಸುಜಾತಾ, ಕೈಯಲ್ಲಿ ಸೀರೆಗಳ ಚೀಲ.

"ಆಂಟಿ, ಮೂರೂ ಮನಿಯವ್ರು ಸೀರಿ ವಾಪಸ್ ಕೇಳ್ಯಾರ್ರಿ. ಯಾಕಂತ ಯಾರೂ ಬಾಯಿಬಿಟ್ಟು ಹೇಳವಲ್ರು. ನನ್ನ ಹೊಲಿಗಿ ಸುಮಾರ್ ಆತೇನು ಅಂತ ಅವ್ವ ಒಂದಾ ಸವನ ಕೇಳಾಕತ್ಯಾಳ."

ಈಗಲಾದರೂ ಹೇಳಲೇಬೇಕಾಯಿತು. ಒಳಗೆ ಕರೆದು, ಬಿಚ್ಚಿದ ಮೂಲೆ ತೋರಿಸಿ, ಫೋಟೋ ಹಾಕಿದ್ದನ್ನೂ ಹೇಳಿದೆ. ಅವಳು ಆ ಮೂಲೆಯನ್ನು ಬೆರಳಿನಿಂದ ಸವರಿದಳು.

"ಅದು ಬಿದ್ದದ್ದಲ್ರಿ ಆಂಟಿ. ಅವ್ವ ಇಟ್ಟದ್ದು. ನಮ್ಮ ಕಡೆ ಕೌದಿ ಮುಗಿಯೂ ಮುಂದ ಒಂದು ಮೂಲಿ ಬಿಟ್ಟು, ಅದರಾಗ ಹೋಳಿಗಿ ತುಣುಕು ಇಟ್ಟು ಹೊಲೀತಾರ. ಕೌದಿ ಹೊಟ್ಟಿ ಖಾಲಿ ಇರಬಾರದಂತ. ಅದರ ಹೊಟ್ಟಿ ತುಂಬಿದ್ರ ಹೊದ್ದವರ ಹೊಟ್ಟಿನೂ ತುಂಬಿರ್ತದಂತ."

ಅವಳು ಮುಂದುವರಿಸಿದಳು. "ಅವತ್ತ ನಮ್ಮನ್ಯಾಗ ಹಬ್ಬ ಏನ್ ಇರಲಿಲ್ರಿ. ನಿಮ್ಮ ಕೌದಿ ಸಲುವಾಗಿನ ಹೋಳಿಗಿ ಮಾಡಿದ್ಲು."

ಭೂಮಿ ಬಾಯಿಬಿಡಬಾರದೇ ಅನ್ನುತ್ತಾರಲ್ಲ, ಅದರ ಅರ್ಥ ನನಗೆ ಅರವತ್ತರ ಮೇಲೆ ತಿಳಿಯಿತು. ನಾನು ಚೆನ್ನಾಗಿರಲಿ ಎಂದು ಒಬ್ಬರು ಒಲೆ ಹಚ್ಚಿದ್ದನ್ನು ನಾನು ಗಲೀಜು ಎಂದು ಊರಿಗೆಲ್ಲ ಸಾರಿದ್ದೆ.

ಅಂದೇ ಗ್ರೂಪಿನಲ್ಲಿ ಉದ್ದಕ್ಕೆ ಬರೆದೆ. ತಪ್ಪು ನನ್ನದು, ಅದು ಅವರ ಪದ್ಧತಿ, ದಯವಿಟ್ಟು ಸೀರೆಗಳನ್ನು ಮತ್ತೆ ಕೊಡಿ ಎಂದೆಲ್ಲ. ಎರಡು ಹೆಬ್ಬೆಟ್ಟು ಬಂದವು. ಒಬ್ಬರು 'ಆದ್ರೂ ಹೈಜೀನ್ ಇಂಪಾರ್ಟೆಂಟ್ ಅಲ್ವಾ' ಅಂದರು. ಎರಡು ದಿನ ಬಿಟ್ಟು ಮನೆಮನೆಗೆ ಹೋಗಿ ಕೇಳಿದೆ. ಒಬ್ಬರು ಆಗಲೇ ಸೀರೆಗಳನ್ನು ಹಳೇ ಬಟ್ಟೆಯವಳಿಗೆ ಹಾಕಿ ಸ್ಟೀಲ್ ಡಬ್ಬಿ ತಗೊಂಡಿದ್ದರು. ಉಳಿದಿಬ್ಬರು "ನೋಡೋಣ" ಅಂದರು. ಬೆಂಗಳೂರಲ್ಲಿ ನೋಡೋಣ ಅಂದರೆ ಏನರ್ಥ ಎಂದು ನಿಮಗೆ ಬಿಡಿಸಿ ಹೇಳಬೇಕೇ? ದೂರು ನಂಬುವಷ್ಟು ಬೇಗ ನಾವು ಕ್ಷಮಾಪಣೆಯನ್ನು ನಂಬುವುದಿಲ್ಲ.

ಮರುದಿನ ಕೌದಿ ಸುತ್ತಿಕೊಂಡು ಆಟೋ ಹತ್ತಿ ಬಿಟಿಎಂಗೆ ಹೋದೆ. ಶಾಂತವ್ವ ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಅಮ್ಮಾ, ನಂದು ತಪ್ಪಾಯ್ತು" ಅಂದೆ. "ನಿಮಗೇನ್ ಗೊತ್ತಿತ್ತ್ರಿ ಅಕ್ಕಾರ, ಕುಂಡ್ರಿ" ಎಂದು ಚಹಾ ಕೊಟ್ಟು, ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡರು.

ನನ್ನ ಸೀರೆಗಳ ಚೂರುಗಳನ್ನು ಒಂದು ಗಂಟಿನಲ್ಲಿ ಎತ್ತಿಟ್ಟಿದ್ದರು. ಕೌದಿ ಹೊಲಿದು ಕೊಟ್ಟು ಎಂಟು ತಿಂಗಳಾಗಿದ್ದರೂ! ಪ್ರಮೋಷನ್ ಸಿಕ್ಕ ದಿನ ಉಟ್ಟಿದ್ದ ಹಸಿರು ಸೀರೆಯ ತುಂಡು ಆರಿಸಿ, ಅಂಚು ಮಡಚಿ, ತೂತುಗಳ ಮೇಲಿಟ್ಟು ಹೊಲಿಯತೊಡಗಿದರು. "ತೂತಿಗಿಂತ ತ್ಯಾಪಿ ದೊಡ್ಡದಿರಬೇಕ್ರಿ. ಗಟ್ಟಿ ಇದ್ದಲ್ಲೆ ಹೊಲಿಗಿ ಹಿಡಿತೈತಿ, ಹರದಲ್ಲೆ ಹಿಡಿಯೂದಿಲ್ಲ." ಹಳೇ ಹೊಲಿಗೆಯ ಸಾಲು ಎಲ್ಲಿ ನಿಂತು ಹೊಸದು ಎಲ್ಲಿ ಶುರುವಾಯಿತೆಂದು ಹುಡುಕಿದರೂ ಕಾಣದ ಹಾಗೆ ತೇಪೆ ಕೂಡಿಕೊಂಡಿತು.

ಕೊನೆಗೆ ನಾನು ಬಿಚ್ಚಿದ್ದ ಮೂಲೆ ಉಳಿಯಿತು. ಶಾಂತವ್ವನ ಸೂಜಿ ಒಂದು ಗಳಿಗೆ ನಿಂತಿತು. ಈಗ ಒಳಗೆ ಎದ್ದು ಹೋಗುತ್ತಾರೆ, ಏನಾದರೂ ತರುತ್ತಾರೆ ಎಂದು ನಾನು ಕಾದೆ. ಅವರು ಏಳಲಿಲ್ಲ. ಮೂಲೆ ಮುಚ್ಚಿ, ದಾರ ಹಲ್ಲಿನಿಂದ ಕಡಿದು, ಕೌದಿ ಮಡಚಿ ನನ್ನ ಕೈಗಿಟ್ಟರು.

"ಈ ಸಲ ಒಳಗ ಏನೂ ಇಟ್ಟಿಲ್ರಿ ಅಕ್ಕಾರ. ಹೆದರಬ್ಯಾಡ್ರಿ."

ಇಡಿ ಅಮ್ಮಾ ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ, ನೀವೇ ಹೇಳಿ.