ಮಗ್ಗ ನಿಂತ ಮಧ್ಯಾಹ್ನ

ದೊಡ್ಡಬಳ್ಳಾಪುರದಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರು ಪವರ್‌ಲೂಮ್ ಮಗ್ಗದಲ್ಲಿ ನೇಯುತ್ತಿದ್ದರು. ಮಗ್ಗದ ಪಕ್ಕದಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ವಿದೇಶಿ ಹೆಬ್ಬಾವಿನ ಮರಿಯೊಂದನ್ನು ಸಾಕಿದ್ದರು. ಅದು ವಾರಗಟ್ಟಲೆ ಏನೂ ಮುಟ್ಟಿರಲಿಲ್ಲ. ಸತ್ತ ಇಲಿಯನ್ನು ಬಿಸಿನೀರಲ್ಲಿ ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಆಡಿಸುವರು, ಬೀದಿಗೆ ಬರುವರು, ಮತ್ತೆ ಒಳಗೆ ಓಡುವರು.

"ಇವತ್ತು ತಿಂದೇ ತಿನ್ನುತ್ತೆ, ನೋಡಿ ಸಾರ್."

ಒಂದು ಮಧ್ಯಾಹ್ನ ನನ್ನೆದುರೇ ಅವರ ಹೆಂಡತಿ ರೇಗಿದರು: "ಮಗ್ಗದ ಏಟಿಗೆ ಗೋಡೆನೇ ಅದುರ್ತಿದೆ. ಅದು ಹೆಂಗ್ರೀ ತಿನ್ನುತ್ತೆ? ಮೊದ್ಲು ನಿಲ್ಸಿ."

ಅವರು ಮನಸ್ಸಿಲ್ಲದೆ ಸ್ವಿಚ್ ಆರಿಸಿದರು. ಸ್ವಲ್ಪ ಹೊತ್ತಿಗೆ ಹಾವು ಇಲಿಯನ್ನು ಹಿಡಿದು ನುಂಗತೊಡಗಿತು.

ಹೆಂಡತಿ ಖುಷಿಯಿಂದ ಗಂಡನಿಗೂ ಮುದ್ದೆ ಬಡಿಸಿದರು. ಅವರು ತುತ್ತು ಮುರಿದರು, ತಟ್ಟೆಯಲ್ಲೇ ಬಿಟ್ಟರು.

"ಮಗ್ಗದ ಸದ್ದಿಲ್ದೆ ನಂಗೆ ಊಟ ಇಳಿಯಲ್ಲ ಕಣೇ," ಎನ್ನುತ್ತ ಎದ್ದು ಸ್ವಿಚ್ಚಿನ ಹತ್ತಿರ ಹೋದರು.

ಇಲಿಯ ಬಾಲ ಇನ್ನೂ ಹಾವಿನ ಬಾಯಿಂದ ಹೊರಗಿತ್ತು. ಅದನ್ನೇ ನೋಡುತ್ತ ನಿಂತವರ ಎಂಜಲು ಕೈ ಹಾಗೇ ಒಣಗಿತು.