ಕಿಸೆಯಲ್ಲಿ ಕಾದ ಸೆಲ್ಲು

ಮುಂಬಯಿಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಮಳಿಗೆ ಬಿಂದಿ ಪ್ಯಾಕ್ ಮಾಡುವವರದು, ಇನ್ನೊಂದು ಪ್ಲಾಸ್ಟಿಕ್ ಡಬ್ಬಿಯವರದು. ಅವೆರಡರ ನಡುವೆ ನಮ್ಮ ಲ್ಯಾಬು. ನಾವು ಅಲ್ಲಿ ಬ್ಯಾಟರಿಗಳನ್ನು ಕೆಡಿಸುತ್ತೇವೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮನೆಯಲ್ಲಿ ಹಾಗೇ ಹೇಳಿಬಿಟ್ಟಿದ್ದೆ. ಅಪ್ಪ ಚಹಾದ ಕಪ್ಪು ಕೆಳಗಿಟ್ಟು, "ಕೆಡಸಾಕ ಪಗಾರ ಕೊಡ್ತಾರೇನವಾ?" ಎಂದು ಕೇಳಿದ್ದರು.

ಕೊಡುತ್ತಾರೆ. ಟಾರ್ಚಿಗೆ, ಪವರ್ ಬ್ಯಾಂಕಿಗೆ, ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನಿಗೆ ಹಾಕುವ ಲಿಥಿಯಂ ಸೆಲ್ಲುಗಳನ್ನು ಮಾರುವ ಮುಂಚೆ ಕಂಪನಿಯವರು ನಮ್ಮಲ್ಲಿಗೆ ಕಳಿಸುತ್ತಾರೆ. ನೋಡಲು ಗೋಡೆ ಗಡಿಯಾರದ ಸೆಲ್ಲಿನಂತೆಯೇ, ಸ್ವಲ್ಪ ದಪ್ಪ, ಸ್ವಲ್ಪ ಉದ್ದ. ಪೂರ್ತಿ ಚಾರ್ಜ್ ಮಾಡಿ, ನಿಧಾನವಾಗಿ ಖಾಲಿ ಮಾಡಿ, ಮೈಮೇಲೆ ಬರೆದುಕೊಂಡಷ್ಟು ಶಕ್ತಿ ಒಳಗಿದೆಯೇ ಎಂದು ನೋಡುತ್ತೇವೆ. ಆಮೇಲೆ ಅದಕ್ಕೆ ಕಾಟ ಕೊಡುವುದು. ಉಕ್ಕಿನ ಪೆಟ್ಟಿಗೆಯೊಳಗಿಟ್ಟು ಶಾರ್ಟ್ ಮಾಡುತ್ತೇವೆ, ಕಾಯಿಸುತ್ತೇವೆ, ಅದುಮುತ್ತೇವೆ. ಒಳ್ಳೆಯ ಸೆಲ್ಲು ಎಲ್ಲವನ್ನೂ ತಾಳಿಕೊಂಡು ಸುಮ್ಮನೆ ಸಾಯುತ್ತದೆ. ಕೆಟ್ಟದ್ದು ಮೊದಲು ಒಂದು ಸಿಹಿ ವಾಸನೆ ಬಿಡುತ್ತದೆ, ನೇಲ್ ಪಾಲಿಶ್ ಅಳಿಸುವ ನೀರಿನಂಥದು. ಆಮೇಲೆ ಬುಸ್ಸೆಂದು ಹೊಗೆ. ಅದೃಷ್ಟ ಕೆಟ್ಟರೆ ಬೆಂಕಿ.

ನಮ್ಮ ಲ್ಯಾಬಿನ ಹಿರಿಯರೊಬ್ಬರು ವಿಜಯಪುರದ ಕಡೆಯವರು. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ. ಮೊದಲ ದಿನವೇ ಅವರು ನನಗೆ ಹೇಳಿದ್ದು, "ಮೀಟರು ಆಮ್ಯಾಲ ನೋಡು ಬೇಟಿ, ಮದಲ ಮೂಗು ನಂಬು." ಹಿಂದೆ ವೇಪ್‌ಗೆ, ಅಂದರೆ ಸಿಗರೇಟಿನ ಬದಲು ಎಳೆಯುವ ಬ್ಯಾಟರಿ ಕೊಳವೆಗೆ, ಹಾಕುವ ಸೆಲ್ಲುಗಳೂ ಅವರ ಮೇಜಿಗೆ ಬರುತ್ತಿದ್ದವಂತೆ. ಒಂದೊಂದು ದಮ್ಮಿಗೂ ಆ ಕೊಳವೆ ಸೆಲ್ಲಿನಿಂದ ಗಕ್ಕನೆ ಕರೆಂಟು ಎಳೆಯುವುದರಿಂದ ಅವುಗಳ ಪರೀಕ್ಷೆ ಎಲ್ಲಕ್ಕಿಂತ ಕಠಿಣ. ಸರಕಾರ ವೇಪನ್ನೇ ನಿಷೇಧಿಸಿದ ಮೇಲೆ ಆ ಕೆಲಸ ನಿಂತಿತು. ನಾನು ಸೇರುವ ಹೊತ್ತಿಗೆ ಅದು ಬರೀ ಮಾತಾಗಿ ಉಳಿದಿತ್ತು.

ಇಷ್ಟರಲ್ಲಿ ಮನೆಯಲ್ಲಿ ನನ್ನ ಮದುವೆಯ ಮಾತು. ನಮ್ಮದು ಧಾರವಾಡದ ಕಡೆಯ ಕುಟುಂಬ, ಮಲಾಡಿನಲ್ಲಿ ಮನೆ. ಹುಡುಗನ ಮನೆಯವರು ಬೆಳಗಾವಿಯವರು, ವಿಲೆ ಪಾರ್ಲೆಯಲ್ಲಿ ಸೀರೆ ಅಂಗಡಿ. ಭಾನುವಾರ ಸಂಜೆ ನನ್ನನ್ನು ನೋಡಲು ಬರುವುದೆಂದಾಯಿತು. "ಬ್ಯಾಟರಿ ಸುಡ್ತೀನಿ, ಒಡೀತೀನಿ ಅಂತೆಲ್ಲಾ ಬಿಚ್ಚಿ ಹೇಳಬ್ಯಾಡ ಮತ್ತ," ಎಂದು ಅವ್ವ ಬೆಳಿಗ್ಗೆಯಿಂದಲೇ ಶುರುಮಾಡಿದ್ದಳು. "ಆಫೀಸಿನಾಗ ಕೆಲಸಾ ಅಂದರ ಸಾಕು."

ಬಂದವರು ಮೂವರೇ: ಹುಡುಗ, ಅವನ ತಂದೆ, ತಾಯಿ. ತಾಯಿ ಕುಂದಾದ ಡಬ್ಬಿಯನ್ನು ಅವ್ವನ ಕೈಗೆ ಕೊಟ್ಟು, ಫ್ಯಾನಿನ ಕೆಳಗಿನ ಜಾಗ ಹುಡುಕಿ ಕುಳಿತರು. ಹುಡುಗ ಮುಂಬಯಿಯಲ್ಲೇ ಹುಟ್ಟಿ ಬೆಳೆದವನು, ಅವನ ಕನ್ನಡ ತಡವರಿಸಿಕೊಂಡೇ ಬರುತ್ತಿತ್ತು. ಅಪ್ಪ ಅವನಿಗೆ, "ಊರ ಕಡೆ ಹೋಗ್ತಿರ್ತೀರೇನು?" ಎಂದು ಕೇಳಿದರೆ ಅವನು, "ಹೋಗ್ತೀನ್ರಿ, ಲೇಕಿನ್ ಛುಟ್ಟಿ ಸಿಗಬೇಕಲ್ರಿ," ಎಂದ. ನಾನು ಉಪ್ಪಿಟ್ಟು, ಶಿರಾದ ತಟ್ಟೆಗಳನ್ನು ತಂದಿಟ್ಟು ಎದುರಿನ ಕುರ್ಚಿಯಲ್ಲಿ ಕುಳಿತೆ. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಪರವಾಗಿಲ್ಲ ಅನ್ನಿಸಿತು.

ಸ್ವಲ್ಪ ಹೊತ್ತಿಗೆ ಅವನು ಕುಳಿತಲ್ಲೇ ಮಿಸುಕಾಡತೊಡಗಿದ. ಒಂದು ತೊಡೆ ಎತ್ತಿದ, ಸರಿದು ಕುಳಿತ, ಹಣೆ ಒರೆಸಿಕೊಂಡ. ನನ್ನನ್ನು ಕಂಡು ನಾಚಿಕೊಂಡಿದ್ದಾನೆ ಎಂದು ಅವ್ವ ನಗುತ್ತಾ ಫ್ಯಾನಿನ ವೇಗ ಹೆಚ್ಚಿಸಿದಳು. ಆ ಗಾಳಿಗೆ ಅವನ ಕಡೆಯಿಂದ ನನ್ನ ಮೂಗಿಗೆ ಒಂದು ವಾಸನೆ ಬಂತು. ಶಿರಾದ ಏಲಕ್ಕಿಯಲ್ಲ, ಯಾರ ಸೆಂಟೂ ಅಲ್ಲ. ದಿನವೂ ಉಕ್ಕಿನ ಪೆಟ್ಟಿಗೆಯ ಬಾಗಿಲು ತೆಗೆದಾಗ ಬರುವ ಅದೇ ಸಿಹಿ ವಾಸನೆ.

ನಾನು ಎದ್ದು ನಿಂತು ಕೂಗಿದೆ. "ಪ್ಯಾಂಟ್ ತೆಗೀರಿ!"

ಅಪ್ಪನ ಕೈಯಲ್ಲಿದ್ದ ಚಮಚ ಬಾಯಿಯ ಹತ್ತಿರವೇ ನಿಂತಿತು.

"ಏನಂದಿ?" ಎಂದಳು ಅವ್ವ, ಪ್ರಾಣವೇ ಹೋದವಳ ಹಾಗೆ.

"ಕಿಸೆದಾಗ ಏನೈತಿ? ಸೆಲ್ ಐತೇನು? ಲಗೂ ತೆಗೀರಿ, ಪ್ಯಾಂಟ್ ತೆಗೀರಿ! ಉತಾರೋ!"

ಕನ್ನಡಕ್ಕಿಂತ ಹಿಂದಿ ಅವನಿಗೆ ಬೇಗ ನಾಟಿತು. ಅಷ್ಟರಲ್ಲಿ ಕಿಸೆಯಿಂದ ಬುಸ್ಸೆಂಬ ಸದ್ದೂ ಬಂತು, ಬಟ್ಟೆಯಿಂದ ಹೊಗೆಯ ಎಳೆಯೊಂದು ಎದ್ದಿತು. ಅವನು ಜಿಗಿದು, ಬೆಲ್ಟು ಬಿಚ್ಚಿ, ಪ್ಯಾಂಟನ್ನು ನೆಲಕ್ಕೆ ಒದ್ದು, ಅಂಗಿ ಚಡ್ಡಿಯಲ್ಲಿ ಸೋಫಾದ ಹಿಂದೆ ಹಾರಿದ. ನಾನು ಅಡುಗೆಮನೆಯಿಂದ ಇಕ್ಕಳ ತಂದು, ಪ್ಯಾಂಟನ್ನು ದೂರದಿಂದಲೇ ಹಿಡಿದು ಬಾಲ್ಕನಿಗೆ ಓಡಿದೆ. ಅಲ್ಲಿ ಬಟ್ಟೆ ನೆನೆಸಲು ತುಂಬಿಸಿಟ್ಟ ಬಕೆಟ್ಟಿತ್ತು. ಪ್ಯಾಂಟನ್ನು ಅದರಲ್ಲಿ ಮುಳುಗಿಸಿ, ಬಾಲ್ಕನಿಯ ಬಾಗಿಲೆಳೆದುಕೊಂಡು ಒಳಗೆ ಬಂದೆ. ನೀರು ಸ್ವಲ್ಪ ಹೊತ್ತು ಕೊತಕೊತ ಅಂದು ಸುಮ್ಮನಾಯಿತು.

ಆಮೇಲೆ ತಿಳಿದದ್ದು ಇಷ್ಟು. ಅವನು ಕದ್ದು ವೇಪ್ ಎಳೆಯುತ್ತಿದ್ದ. ಕೊಳವೆಯನ್ನು ಅಂಗಡಿಯಲ್ಲೇ ಬಚ್ಚಿಟ್ಟು ಬಂದಿದ್ದರೂ ಅದರ ಹೆಚ್ಚುವರಿ ಸೆಲ್ಲು ಕಿಸೆಯಲ್ಲೇ ಉಳಿದಿತ್ತು. ಅದೇ ಕಿಸೆಯಲ್ಲಿ ಅಂಗಡಿಯ ಬೀಗದ ಕೈಗಳು. ಸೆಲ್ಲಿನ ಮೇಲಿನ ತೆಳು ಪ್ಲಾಸ್ಟಿಕ್ ಹೊದಿಕೆ ತುದಿಯಲ್ಲಿ ಹರಿದಿತ್ತು. ಆ ಜಾಗದಲ್ಲಿ ಧನ, ಋಣ ಧ್ರುವಗಳೆರಡೂ ಒಂದು ಉಗುರಿನಷ್ಟು ಅಂತರದಲ್ಲಿ ಇರುತ್ತವೆ. ಕೀಲಿಯೊಂದು ಅವೆರಡಕ್ಕೂ ಅಡ್ಡ ಬಿದ್ದು ಶಾರ್ಟ್ ಆಗಿತ್ತು. ಅವನ ತೊಡೆಯ ಮೇಲೆ ಅಂಗೈಯಗಲ ಕೆಂಪಾಗಿತ್ತು, ಬೊಬ್ಬೆ ಏಳಲಿಲ್ಲ. ತಣ್ಣೀರು ಹಾಕಲು ಬಾತ್‌ರೂಮು ತೋರಿಸಿದೆವು. ಅಪ್ಪ ತಮ್ಮ ಬಿಳಿ ಪಂಚೆ ಕೊಟ್ಟರು. ಉಡಲು ಬಾರದೆ ಅವನು ಅದನ್ನು ಟವೆಲ್ಲಿನ ಹಾಗೆ ಸುತ್ತಿಕೊಂಡು ಹೊರಬಂದ.

ಅವನ ತಂದೆ ನೆಲ ನೋಡುತ್ತಾ ಕುಳಿತಿದ್ದರು. ಅವ್ವನ ಕಣ್ಣು ತುಂಬಿತ್ತು. ಈ ಸಂಬಂಧವಂತೂ ಹೋಯಿತು, ಸುದ್ದಿ ಹಬ್ಬಿದರೆ ಮುಂದಿನದೂ ಹೋಯಿತು ಎಂದು ಅವಳ ಲೆಕ್ಕ. ಆಗ ಅವನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ. ನೋಡಿದರೆ ನಗು. ತಡೆದು ತಡೆದು, ಕೊನೆಗೆ ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಎಷ್ಟ ಹೆಣ್ಣ ನೋಡಿ ಬಂದೇವಿ," ಎಂದರು ಉಸಿರು ಸಿಕ್ಕ ಮೇಲೆ. "ಹಾಡ ಬರ್ತದ, ರಂಗೋಲಿ ಬರ್ತದ ಅಂತಿದ್ದರು. ನನ್ನ ಮಗನ್ನ ಉಳಿಸಾಕ ಬರ್ತದ ಅಂತ ಯಾರೂ ಹೇಳಿದ್ದಿಲ್ಲ." ಆಮೇಲೆ ಮಗನತ್ತ ತಿರುಗಿ, "ನೀ ಮನೀಗೆ ನಡಿ. ಆ ಕೊಳವಿ ವಿಚಾರ ಅಲ್ಲಿ ಮಾತಾಡೂಣು," ಎಂದಾಗ ನಗು ಎಲ್ಲೂ ಇರಲಿಲ್ಲ.

ಪಂಚೆಯಲ್ಲೇ ಅವನು ಆಟೋ ಹತ್ತಿದ. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಹತ್ತುವ ಮುನ್ನ ಮೇಲೆ ನೋಡಿ, ಒಂದು ಕೈಯಲ್ಲಿ ಪಂಚೆ ಹಿಡಿದುಕೊಂಡು ಇನ್ನೊಂದನ್ನು ಎತ್ತಿ ಬೀಸಿದ.

ಮುಂದಿನ ವಾರ ಒಂದು ಮಧ್ಯಾಹ್ನ ಅವನು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ. ಒಗೆದು ಇಸ್ತ್ರಿ ಮಾಡಿದ ಪಂಚೆ ಒಂದು ಚೀಲದಲ್ಲಿ. ಕೈಯಲ್ಲಿ ಸಣ್ಣ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸುಟ್ಟದ್ದರ ಜೋಡಿ ಸೆಲ್ಲು. "ಕೊಳವಿ ಅವ್ವಾ ಒಡದ ಹಾಕಿದಳು," ಎಂದ. "ಇದು ಉಳಿದದ. ಚೆಕ್ ಮಾಡ್ತೀರೇನು? ನನಗ ನೋಡಬೇಕು, ಏನಿಟ್ಕೊಂಡು ತಿರುಗ್ತಿದ್ದೆ ಅಂತ."

ಹಿರಿಯರು ಅವನನ್ನು ಮೇಲಿಂದ ಕೆಳಗೆ ನೋಡಿದರು. ಪ್ಯಾಂಟಿನ ಕಥೆ ಅವರಿಗೆ ಸೋಮವಾರವೇ ಹೇಳಿದ್ದೆ. "ಅಚ್ಛಾ, ಇವರೇನು!" ಎಂದು ಅವನಿಗೆ ಕನ್ನಡಕ, ಕೈಗವಸು ಕೊಟ್ಟು ಒಳಗೆ ಕರೆದರು.

ಸೆಲ್ಲಿನ ಮೈಮೇಲೆ ದೊಡ್ಡ ದೊಡ್ಡ ಅಂಕಿ. ಅಷ್ಟು ಶಕ್ತಿ ಆ ಗಾತ್ರದ ಸೆಲ್ಲಿನಲ್ಲಿ ಹಿಡಿಸುವುದಕ್ಕೇ ಸಾಧ್ಯವಿಲ್ಲ. ತೂಕಕ್ಕೆ ಇಟ್ಟೆ, ಇರಬೇಕಾದದ್ದಕ್ಕಿಂತ ಬಹಳ ಹಗುರ. ಚಾರ್ಜ್ ಮಾಡಿ ಖಾಲಿ ಮಾಡಲು ಇಟ್ಟರೆ, ನಾವು ಚಹಾ ಕುಡಿದು, ಊರ ಕಡೆಯ ಮಾತಾಡಿ ಮುಗಿಸುವಷ್ಟರಲ್ಲಿ ಬರಿದಾಗಿ ಬಿದ್ದಿತ್ತು. ಪೂರ್ತಿ ಖಾಲಿಯಾದದ್ದನ್ನು ಖಾತ್ರಿ ಮಾಡಿಕೊಂಡು, ಗಾಳಿ ಎಳೆಯುವ ಗಾಜಿನ ಪೆಟ್ಟಿಗೆಯೊಳಗೆ ಹಿರಿಯರು ಅದರ ಹೊರಗಿನ ತಗಡನ್ನು ಮೆಲ್ಲಗೆ ಕತ್ತರಿಸಿದರು. ಒಳಗಿನಿಂದ ಬಿಳಿ ಪುಡಿ ಸುರಿಯಿತು. ಪುಡಿಯ ನಡುವೆ ಕಿರುಬೆರಳಿನ ಗಾತ್ರದ ಇನ್ನೊಂದು ಸೆಲ್ಲು.

"ಇದೇನು, ಮೈದಾ ಹಿಟ್ಟೇನು?" ಎಂದ ಅವನು.

"ಏನೋ ಪುಡಿ, ತೂಕಕ್ಕ ತುಂಬ್ಯಾರ," ಎಂದೆ. "ಪಾಪ, ಈ ಸಣ್ಣದರ ಕಡೆಯಿಂದ ಅಷ್ಟೆಲ್ಲಾ ಹೊಗೆ ತೆಗಸ್ತಿದ್ದಿರಿ."

ಅವನು ನಗಲು ಶುರುಮಾಡಿದ, ತಾಯಿಯ ಹಾಗೆಯೇ, ತಡೆದು ತಡೆದು. ಆ ನಗು ನನಗೆ ಬಹಳ ಹಿಡಿಸಿತು. ಹಿರಿಯರು, "ನಾನು ನಮಾಜಿಗೆ ಹೊಂಟೆ, ಇವರನ್ನ ಸ್ಟೇಶನ್ ತನಕ ಬಿಟ್ಟು ಬಾ," ಎಂದರು.

ಸ್ಟೇಶನ್ನಿನವರೆಗೆ ನಡೆದೇ ಹೋದೆವು. ದಾರಿಯಲ್ಲಿ ನಾನೇ ಕೇಳಿದೆ. "ವೇಪ್ ಬಿಟ್ಟೀರೋ, ಇಲ್ಲಾ ಅವ್ವನ ಮುಂದ ಅಷ್ಟ ಬಿಟ್ಟೀರೋ?"

"ಸಚ್ ಹೇಳ್ಲಿ? ಕಷ್ಟ ಆಗ್ತದ. ನಿನ್ನೆ ದಿನಾ ಪೂರ್ತಿ ತಲಿ ನೋಯ್ತಿತ್ತು. ಗಿರಾಕಿ ಮ್ಯಾಲ ಸಿಟ್ಟಿಗೆದ್ದೆ. ಆದರ ತೊಗೊಂಡಿಲ್ಲ."

ಬಿಟ್ಟೇ ಬಿಟ್ಟೆ ಎಂದು ಎದೆ ತಟ್ಟಿಕೊಂಡಿದ್ದರೆ ನಾನು ನಂಬುತ್ತಿರಲಿಲ್ಲ. ಲೋಕಲ್ ಬಂತು, ಅವನು ಹತ್ತಲಿಲ್ಲ. ಅದರ ಹಿಂದೆಯೇ ಬಂದದ್ದನ್ನೂ ಬಿಟ್ಟ. ಪ್ಲಾಟ್‌ಫಾರ್ಮಿನ ಮೇಲೆ ನಿಂತು, ಅವನ ಅಂಗಡಿಯಲ್ಲಿ ಸೀರೆ ಮಡಿಚುವ ಬಗೆ, ನನ್ನ ಬೆರಳಿನ ಮೇಲಿನ ಸುಟ್ಟ ಕಲೆ, ಇಂಥವನ್ನೇ ಮಾತಾಡಿದೆವು. ಮನೆಗೆ ಬಂದು, "ಹೂಂ ಅಂತ ಹೇಳ್ರಿ," ಎಂದು ಅವ್ವನಿಗೆ ಹೇಳಿದಾಗ ಅವಳು ಯಾವುದಕ್ಕೆ ಎಂದೂ ಕೇಳದೆ ಫೋನು ಹುಡುಕಲು ಹೋದಳು.

ಮದುವೆ ಬೆಳಗಾವಿಯಲ್ಲಾಯಿತು. ಲ್ಯಾಬಿನ ಹಿರಿಯರು ಹೆಂಡತಿಯ ಜೊತೆ ಬಂದು ಮೊದಲ ಪಂಕ್ತಿಯಲ್ಲೇ ಉಂಡರು. ವೇಪ್ ಬಿಡುವಾಗ ಅವನು ಎರಡು ಸಲ ಜಾರಿದ, ಎರಡು ಸಲವೂ ತಾನೇ ಬಂದು ಹೇಳಿದ, ಮೂರನೆಯದು ಆಗಲಿಲ್ಲ. ಈಗ ನಾವು ಪಾರ್ಲೆಯಲ್ಲಿದ್ದೇವೆ. ಅತ್ತೆ ನನ್ನ ಕೆಲಸವನ್ನು ಇಡೀ ಬಿಲ್ಡಿಂಗಿಗೆ ಸಾರಿಬಿಟ್ಟಿದ್ದಾರೆ. ಭಾನುವಾರ ಬೆಳಗಾದರೆ ಹೊಟ್ಟೆ ಉಬ್ಬಿದ ಫೋನು, ಸುಮ್ಮಸುಮ್ಮನೆ ಬಿಸಿಯಾಗುವ ಪವರ್ ಬ್ಯಾಂಕು ಹಿಡಿದು ಯಾರಾದರೊಬ್ಬರು ಬೆಲ್ಲು ಒತ್ತುತ್ತಾರೆ. ಬಾಗಿಲು ತೆಗೆಯುವುದು ಅತ್ತೆಯೇ. "ಚಪ್ಪಲಿ ಹೊರಗ ಬಿಡ್ರಿ, ಬ್ಯಾಟರೀನೂ ಹೊರಗ ಇಡ್ರಿ. ನೀವಷ್ಟ ಒಳಗ ಬರ್ರಿ," ಎನ್ನುತ್ತಾರೆ. ನಾನು ತಲೆಗೂದಲು ಕಟ್ಟಿಕೊಳ್ಳುತ್ತಾ ಹೊರಗೆ ಹೋಗುವಷ್ಟರಲ್ಲಿ ಬಂದವರ ಕೈಗೆ ಅವಲಕ್ಕಿಯ ತಟ್ಟೆ ಬಂದಿರುತ್ತದೆ.