ಬೆಟ್ಟದೊಳಗಿನ ಗೆರೆ

ಸುರಂಗ ಕೊರೆಯುವ ತಂಡದ ಮೇಸ್ತ್ರಿಗೆ ಎಲ್ಲರೂ ಗುಡುಗಣ್ಣ ಎನ್ನುತ್ತಿದ್ದರು. ಮೂವತ್ತು ವರ್ಷ ಬಂಡೆ ಸಿಡಿಸಿ ಕಿವಿ ಮಂದವಾಗಿ, ಅವನು ಗುಟ್ಟು ಹೇಳಿದರೂ ಅದು ಊರಿಗೆಲ್ಲ ಕೇಳುತ್ತಿತ್ತು. ಹೆಂಗಸು ಕಾಲಿಟ್ಟರೆ ಸುರಂಗ ಕುಸಿಯುತ್ತದೆ ಎಂಬುದು ಆ ಕಸುಬಿನವರ ಹಳೆಯ ನಂಬಿಕೆ. ಸರ್ವೆ ವಿಭಾಗದ ಮುಖ್ಯಸ್ಥೆಯಾಗಿ ಬಂದ ಮೇಡಂ ಮೊದಲ ದಿನವೇ ಹೆಲ್ಮೆಟ್ ಬಿಗಿದುಕೊಂಡು ಒಳಗೆ ನಡೆದಾಗ ಅವನು ಸಂಜೆವರೆಗೂ ಹೊರಗೇ ಕೂತ. ಬೆಟ್ಟ ಮಿಸುಕಲಿಲ್ಲ. ಮರುದಿನ ಮುಖ ಗಂಟಿಕ್ಕಿಕೊಂಡೇ ಕೆಲಸಕ್ಕೆ ಹೋದ.

ಹೇಳುವುದಕ್ಕೇನು, ಕೆಲಸ ಸುಲಭ. ಬೆಟ್ಟದ ಎರಡೂ ಬದಿಯಿಂದ ಕೊರೆಯುತ್ತಾ ಬಂದು ನಡುವೆ ಕೂಡಬೇಕು. ಎತ್ತ ಕೊರೆಯಬೇಕೆಂದು ಗೆರೆ ಹಾಕಿಕೊಡುವವರು ಮೇಡಂ. ಗೆರೆ ತಪ್ಪಿದರೆ ಎರಡು ಸುರಂಗಗಳು ಮಾತುಬಿಟ್ಟ ದಾಯಾದಿಗಳ ಹಾಗೆ ಪಕ್ಕದಲ್ಲೇ ಮುಖ ತಿರುಗಿಸಿಕೊಂಡು ಹೋಗುತ್ತವೆ. ಹಾಗಾದರೆ ಇಂಥ ಕೆಲಸ ಮತ್ತೆ ಯಾವ ಹೆಂಗಸಿನ ಕೈಗೂ ಬರುವುದಿಲ್ಲವೆಂದು ದೊಡ್ಡ ಸಾಹೇಬರು ಅವರ ಮುಖದ ಮೇಲೆಯೇ ಹೇಳಿದ್ದರು.

ಇನ್ನೂರು ಮೀಟರ್ ಉಳಿದಿದ್ದಾಗ ಮೇಡಂ ಕೆಲಸ ನಿಲ್ಲಿಸಿಬಿಟ್ಟರು. ತಪ್ಪು ತಮ್ಮದೇ ಎಂದರು. ಸುರಂಗದ ನಡುವೆ ಲಾರಿಗಳು ಓಡಾಡುತ್ತವೆಂದು ಗೆರೆ ನೋಡುವ ದುರ್ಬೀನನ್ನು ಯಾವಾಗಲೂ ಒಂದೇ ಗೋಡೆಯ ಪಕ್ಕ ನಿಲ್ಲಿಸಿ ನೋಡಿದ್ದರಂತೆ. ಗೋಡೆ ಬೆಚ್ಚಗಿದ್ದರೆ ಅದರ ಬಳಿಯ ಗಾಳಿಯಲ್ಲಿ ನೋಟ ಕೂದಲೆಳೆಯಷ್ಟು ಬಾಗುತ್ತದಂತೆ. ಅನುಮಾನ ಬಂದು ಎದುರು ಗೋಡೆಯಿಂದ ನೋಡಿದರೆ ಲೆಕ್ಕ ತಾಳೆಯಾಗಲಿಲ್ಲ. ಕೂದಲೆಳೆಗಳೆಲ್ಲ ಸೇರಿ ಒಂದು ಮೊಳವಾಗಿತ್ತು, ಮುಂದೆ ಹೋದಷ್ಟೂ ಬೆಳೆಯುವಂಥದ್ದು. ಸಾಹೇಬರು ಕೆಂಡಾಮಂಡಲವಾದರು.

ಗುಡುಗಣ್ಣ ಮೇಡಂ ಹತ್ತಿರ ಹೋಗಿ ತನ್ನ ಮಟ್ಟಿಗೆ ಪಿಸುಗುಟ್ಟಿದ. "ಸುಮ್ಮನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು ಮೇಡಂ?"

"ಎರಡು ತಿಂಗಳು ಬಿಟ್ಟು ಎಲ್ರಿಗೂ ಗೊತ್ತಾಗ್ತಿತ್ತು. ಈಗಾದ್ರೆ ನನ್ನ ಮಾನ ಮಾತ್ರ ಹೋಗುತ್ತೆ, ಸುರಂಗ ಉಳಿಯುತ್ತೆ."

ಐದು ದಿನ ಸುರಂಗದ ಬಾಯಿಂದ ತುದಿಯವರೆಗೆ, ಈ ಗೋಡೆಯಿಂದ ಆ ಗೋಡೆಗೆ ಓರೆಯಾಗಿ ದಾಟುತ್ತಾ ಮತ್ತೆ ಅಳೆದರು. ದುರ್ಬೀನಿನಲ್ಲಿ ನೋಡುವ ಗುರಿಗೋಲು ಹಿಡಿದು ನಿಂತವನು ಗುಡುಗಣ್ಣನೇ. ಯಾರೂ ಹೇಳಿರಲಿಲ್ಲ, ತಾನಾಗಿ ನಿಂತ. ತಪ್ಪನ್ನು ಬೇರೆಯವರ ತಲೆಗೆ ಕಟ್ಟುವ ಎಂಜಿನಿಯರುಗಳನ್ನು ಅವನು ಬೇಕಾದಷ್ಟು ಕಂಡಿದ್ದ, ಇಂಥವರನ್ನು ಕಂಡಿರಲಿಲ್ಲ. ಆಮೇಲೆ ಗೆರೆ ಒಂದಿಷ್ಟು ಎಡಕ್ಕೆ ತಿರುಗಿತು.

ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ಡ್ರಿಲ್ಲಿನ ಸರಳು ತಟಕ್ಕನೆ ಮುಂದಕ್ಕೆ ಜಾರಿತು. ತೂತಿನಿಂದ ತಣ್ಣನೆಯ ಗಾಳಿ ಗುಡುಗಣ್ಣನ ಕೆನ್ನೆಗೆ ಬಡಿಯಿತು. ಅದು ಬೆಟ್ಟದ ಆಚೆ ಬದಿಯ ಗಾಳಿ. ಅವನ ಮೈ ಜುಮ್ಮೆಂದಿತು. ಕೊನೆಯ ಸಿಡಿತದ ಹೊಗೆ ಇಳಿದಾಗ ಆ ಕಡೆಯವರ ದೀಪಗಳು ನೇರ ಎದುರಿಗೇ ಇದ್ದವು. ಕೋಟಿಗಟ್ಟಲೆ ಮಣ ಬಂಡೆಯೊಳಗೆ ಕಣ್ಣಿಗೆ ಕಾಣದ ಒಂದು ಜಾಗವನ್ನು ಈ ಹೆಣ್ಣುಮಗಳು ಕಾಗದದ ಮೇಲೆ ಕಂಡಿದ್ದರಲ್ಲ ಎಂದು ಅವನು ಬಿಟ್ಟ ಬಾಯಿ ಮುಚ್ಚದೆ ನಿಂತ.

ಎಲ್ಲರೂ ತಬ್ಬಿಕೊಂಡು ಅಳುತ್ತಿದ್ದರೆ ಮೇಡಂ ಟೇಪು ಹಿಡಿದು ಎರಡೂ ಬದಿಯಿಂದ ಬಂದ ಗೆರೆಗಳ ನಡುವೆ ಅಳೆಯುತ್ತಿದ್ದರು. ಎರಡು ಬೆರಳಷ್ಟೇ ವ್ಯತ್ಯಾಸ. ಟೇಪು ಸುತ್ತಲು ಹೋದರು, ಆಗಲಿಲ್ಲ. ಅದು ಮತ್ತೆ ಮತ್ತೆ ಬೆರಳುಗಳಿಂದ ಜಾರಿ ಬಿಚ್ಚಿಕೊಂಡಿತು. ಗುಡುಗಣ್ಣ ಆಗ ಮೊದಲ ಬಾರಿ ಕಂಡ: ಇವರು ಹೆದರದವರಲ್ಲ, ಅಷ್ಟು ದಿನವೂ ಹೆದರಿಕೊಂಡೇ ಒಳಗೆ ಬರುತ್ತಿದ್ದವರು.

"ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಮೇಸ್ತ್ರಿ," ಎಂದರು.

ಅವನು ಟೇಪು ತೆಗೆದುಕೊಂಡು ನಿಧಾನವಾಗಿ ಸುತ್ತಿದ.

"ಹೋಗಿ ಮಲಕ್ಕೊಳ್ಳಿ. ಎರಡೇ ಬೆರಳು ಅಂತ ಸಾಹೇಬರಿಗೆ ನಾನು ಹೇಳ್ತೀನಿ."